ನಾನು ಓದಿ ಹೇಳದ ಸಾಲು

ಚಾಮರಾಜನಗರದ ನಮ್ಮ ಬೀದಿಯಲ್ಲಿ ಯಾರಿಗೆ ಕಾಯಿಲೆಯಾದರೂ ಆಸ್ಪತ್ರೆಯ ಕಾಗದ ಮೊದಲು ಬರುವುದು ನನ್ನ ಮನೆಗೆ. ನಾನು ಇಲ್ಲಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಅದಕ್ಕೂ ಮೊದಲು ಮೈಸೂರಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದು ಓದಿದವಳು. ಸ್ಕ್ಯಾನಿಂಗ್ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ, ಮಾತ್ರೆಯ ಪೊಟ್ಟಣದ ಮೇಲಿನ ಸಣ್ಣಕ್ಷರ, ಎಲ್ಲವನ್ನೂ ನಾನು ಕನ್ನಡಕ ಹಾಕಿಕೊಂಡು ಓದಿ ಕನ್ನಡದಲ್ಲಿ ಹೇಳುತ್ತೇನೆ. ಬಂದವರು ನನ್ನ ಮುಖವನ್ನೇ ನೋಡುತ್ತ ಕೂತಿರುತ್ತಾರೆ. ನಾನು ಹೇಳಿದ್ದಷ್ಟೇ ಆ ಕಾಗದದಲ್ಲಿ ಇರುವುದು ಎಂದು ಅವರ ನಂಬಿಕೆ. ಆ ನಂಬಿಕೆಯನ್ನು ನಾನು ಒಂದೇ ಒಂದು ಸಲ ಕೆಡಿಸಿದ್ದೇನೆ. ಅದೂ ಒಡಹುಟ್ಟಿದ ತಂಗಿಯ ವಿಷಯದಲ್ಲಿ.

ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಗುಂಡ್ಲುಪೇಟೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಷೀನು ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಅವಳ ಗಂಡ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತರಾದವರು. ಊರಿನ ಅರ್ಧ ಹೆಂಗಸರ ಅಳತೆ ಅವಳಿಗೆ ಬಾಯಿಪಾಠ. ಅವಳ ಅಳತೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ತನ್ನ ರವಿಕೆಯನ್ನು ಹಳೆಯ ರವಿಕೆ ಇಟ್ಟು, ಪ್ರತಿಸಲ ಒಂದೊಂದು ಬೆರಳು ಅಗಲ ಬಿಟ್ಟು ಕತ್ತರಿಸುತ್ತಿದ್ದಳು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ಕಳೆದಿತ್ತು. ಮಂಡಿ ಸವೆದಿತ್ತು. ಮಲಗಿದಾಗ ಉಸಿರು ನಡುನಡುವೆ ನಿಂತುಹೋಗುತ್ತಿತ್ತು, ಗಂಡ ಅಲುಗಾಡಿಸಿ ಎಬ್ಬಿಸಬೇಕಿತ್ತು. ಹೊಟ್ಟೆ ಅಡ್ಡ ಬಂದು ಮಷೀನಿನ ಪೆಡಲ್ ತುಳಿಯುವುದೂ ಕಷ್ಟವಾಗಿತ್ತು.

ಒಂದು ದಿನ ನನ್ನನ್ನು ನೋಡಲು ಚಾಮರಾಜನಗರಕ್ಕೆ ಬಂದಳು. ಬಸ್ಸಿನಲ್ಲಿ ಕಂಡಕ್ಟರು, "ಅವ್ವ, ಫ್ರೀ ಟಿಕೆಟ್ಟು ಒಂದು ಸೀಟ್ಗೆ ಕಣವ್ವ, ಎಲ್ಡಕ್ಕಲ್ಲ" ಅಂದನಂತೆ. ಬಸ್ಸೆಲ್ಲ ನಕ್ಕಿತಂತೆ. ತಾನೂ ನಕ್ಕೆ ಎಂದು ನಗುನಗುತ್ತಲೇ ಹೇಳಿದಳು. ಆಮೇಲೆ ಒಂದು ಲೋಟ ನೀರು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ಅಕ್ಕ, ಮೈಸೂರಲ್ಲಿ ಒಬ್ಬ ಡಾಕ್ಟ್ರು ತೂಕ ಇಳಿಸೋ ಆಪರೇಷನ್ ಮಾಡ್ತರಂತೆ. ನಾನು ಮಾಡಿಸ್ಕತೀನಿ" ಅಂದಳು.

ನನಗೆ ಮೊದಲು ಬಂದದ್ದು ಭಯವಲ್ಲ, ನಾಚಿಕೆ. ನನ್ನ ತಂಗಿ ಹೊಟ್ಟೆ ಕತ್ತರಿಸಿಕೊಂಡಳು ಎಂದು ಜನ ಆಡಿಕೊಳ್ಳುವರಲ್ಲ ಎಂಬ ನಾಚಿಕೆ.

ಈ ನಾಚಿಕೆ ನನಗೆ ಹೊಸದಲ್ಲ. ಕಾನ್ವೆಂಟಿನಲ್ಲಿ ನಮಗೆ ಡಿಪೋರ್ಟ್‌ಮೆಂಟ್ ಎಂದು ಒಂದು ವಿಷಯವಿತ್ತು. ಹೇಗೆ ನಡೆಯಬೇಕು, ಹೇಗೆ ಕೂರಬೇಕು, ಹೊಟ್ಟೆ ಒಳಗೆಳೆದು ಹೇಗೆ ನಿಲ್ಲಬೇಕು ಎನ್ನುವುದಕ್ಕೆಲ್ಲ ಮಾರ್ಕ್ಸ್. ನನಗೆ ಎರಡು ವರ್ಷ ಅದರಲ್ಲಿ ಪ್ರೈಜ್ ಬಂದಿದೆ. ಒಂದು ವಿಸಿಟರ್ಸ್ ಭಾನುವಾರ ಅಪ್ಪ ತಂಗಿಯನ್ನು ಕರೆದುಕೊಂಡು ಬಂದರು. ಏಳು ವರ್ಷದ ಗುಂಡುಗುಂಡಗಿನ ಹುಡುಗಿ, ಪಕ್ಕದ ಹೊಲಿಗೆ ಬಿಚ್ಚಿಕೊಂಡ ಫ್ರಾಕು, ಕೈಯಲ್ಲಿ ಕಡಲೆಪುರಿಯ ಪೊಟ್ಟಣ. ನನ್ನ ಗೆಳತಿಯೊಬ್ಬಳು ಮೂಗು ಸುಕ್ಕಿಸಿ, ಯಾರದು ಆ ಫ್ಯಾಟಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಮ್ಮ ನೇಬರ್ ಮನೆಯ ಮಗು, ಅಪ್ಪನ ಜೊತೆ ಸುಮ್ಮನೆ ಬಂದಿದೆ ಅಂದೆ. ತಂಗಿ ಪುರಿ ತಿನ್ನುತ್ತ ನನ್ನನ್ನು ನೋಡಿ ನಗುತ್ತಿದ್ದಳು. ವಾಪಸು ಬಸ್ಸಿನಲ್ಲಿ ಅವಳು, ನೇಬರ್ ಅಂದರೆ ಏನು ಎಂದು ಅಪ್ಪನನ್ನು ಕೇಳಿದಳಂತೆ. ಅಪ್ಪ ಇದನ್ನು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ. ತಾವು ಅವಳಿಗೆ ಏನೆಂದು ಉತ್ತರ ಕೊಟ್ಟರೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಡಾಕ್ಟರನ್ನು ಕಾಣಲು ನಾನು, ತಂಗಿ, ಅವಳ ಗಂಡ ಮೂವರೂ ಮೈಸೂರಿಗೆ ಹೋದೆವು. ನಾನು ಇಂಗ್ಲಿಷಿನಲ್ಲಿ ಮಾತು ಶುರುಮಾಡಿದ್ದರಿಂದ ಡಾಕ್ಟರೂ ನನ್ನ ಕಡೆಗೇ ತಿರುಗಿ ಇಂಗ್ಲಿಷಿನಲ್ಲೇ ಎಲ್ಲ ವಿವರಿಸಿದರು. ಹೊಟ್ಟೆಯ ಚೀಲದ ದೊಡ್ಡ ಪಾಲನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಒಂದು ಬಾಳೆಕಾಯಿಯಷ್ಟು ಸಣ್ಣ ಕೊಳವೆ ಮಾಡುವುದು. ಒಳಗಿನ ಕೆಲಸ ಹೇಗೆ ಮಾಡಿದರೂ ಅದೇ, ಬೇರೆಯಾಗುವುದು ಒಳಗೆ ಹೋಗುವ ದಾರಿ ಮಾತ್ರ ಅಂದರು. ಲ್ಯಾಪರೋಸ್ಕೋಪಿ ಎಂದರೆ ನಾಲ್ಕೈದು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ. ಓಪನ್ ಎಂದರೆ ಎದೆಯ ಕೆಳಗಿನಿಂದ ಹೊಕ್ಕುಳವರೆಗೆ ಉದ್ದಕ್ಕೆ ಸೀಳುವುದು. ಈಗ ತೂತಿನದ್ದೇ ರೂಢಿ, ಕ್ಯಾಮೆರಾದಲ್ಲಿ ಆಗದೆ ಇದ್ದರೆ ಮಾತ್ರ ಸೀಳುತ್ತೇವೆ ಎಂದರು. ಸೀಳುವುದು ಅಗ್ಗವಂತೆ ಎಂದು ಎಲ್ಲೋ ಕೇಳಿಕೊಂಡು ಬಂದಿದ್ದ ತಂಗಿಯ ಗಂಡ ಅದನ್ನೇ ಮತ್ತೆ ಮತ್ತೆ ಕೇಳಿದ್ದರಿಂದ, ಡಾಕ್ಟರು ಎರಡನ್ನೂ ಅಕ್ಕಪಕ್ಕ ಹೋಲಿಸಿದ ಒಂದು ಪ್ರಿಂಟೆಡ್ ಹಾಳೆ ಕೊಟ್ಟು, ಮನೆಯಲ್ಲಿ ಓದಿ ನಿಧಾನವಾಗಿ ಹೇಳಿ ಅಂದರು. ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು.

ಗುಂಡ್ಲುಪೇಟೆಯ ಮನೆಯಲ್ಲಿ, ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಅದನ್ನು ಓದಿ ಹೇಳಿದೆ. ತೂತಿನ ಆಪರೇಷನ್ನಿಗೆ ಆಸ್ಪತ್ರೆಯ ಬಿಲ್ಲು ಜಾಸ್ತಿ, ಏಕೆಂದರೆ ಕ್ಯಾಮೆರಾ, ಒಳಗೇ ಹೊಲಿದು ಕತ್ತರಿಸುವ ಸ್ಟೇಪ್ಲರ್, ಎಲ್ಲ ದುಬಾರಿ. ಆದರೆ ಎರಡು ಮೂರು ದಿನಕ್ಕೆ ಮನೆಗೆ ಕಳಿಸುತ್ತಾರೆ, ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು. ಸೀಳುವುದಕ್ಕೆ ಥಿಯೇಟರಿನ ಖರ್ಚು ಕಡಿಮೆ. ಆದರೆ ಹೆಚ್ಚು ದಿನ ಮಲಗಬೇಕು, ವಾರ್ಡಿನ ಬಾಡಿಗೆ, ಜೊತೆಯಲ್ಲಿರುವವರ ಊಟ ತಿಂಡಿ ಎಲ್ಲ ಸೇರಿದರೆ ಉಳಿಯಿತೆಂದುಕೊಂಡದ್ದು ಅಲ್ಲಿಗೇ ಹೋಗುತ್ತದೆ. ದಪ್ಪ ಮೈಯವರಿಗೆ ಉದ್ದದ ಗಾಯ ಬೇಗ ಮಾಗುವುದಿಲ್ಲ, ಕೀವಾಗಬಹುದು, ವರ್ಷ ಕಳೆದ ಮೇಲೂ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಉಬ್ಬಬಹುದು. ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಒಳಹೊಲಿಗೆ ಸೋರುವುದು, ಈ ಮೂರು ಅಪಾಯ ಎರಡರಲ್ಲೂ ಉಂಟು.

ತಂಗಿಯ ಗಂಡನಿಗೆ ಸಮಾಧಾನವಾಗಲಿಲ್ಲ. "ಬಾನೆಟ್ ಎತ್ತಿ ನೋಡಿದ್ರಲ್ವಾ ಇಂಜಿನ್ ಎಲ್ಲಿ ಸೋರ್ತದೆ ಅಂತ ಕಾಣೋದು? ತೂತಲ್ಲಿ ಇಣುಕಿ ನೋಡುದ್ರೆ ಯಾವ ಮೆಕ್ಯಾನಿಕ್ಕಿಗೆ ಏನು ಕಂಡಾತು?"

"ನಿಮ್ಮ ಬಸ್ಸು ಬಾನೆಟ್ ಎತ್ತಿದ್ದಂಗೇ ಡಿಪೋದಲ್ಲಿ ನಿಂತಿರ್ತಿತ್ತು, ನನ್ನೂ ಅಂಗೇ ನಿಲ್ಲಿಸ್ಬೇಕು ಅಂತಾನಾ?" ಅಂದಳು ತಂಗಿ. ಮೂವರೂ ನಕ್ಕೆವು.

ತೂತಿನದ್ದೇ ಆಗಲಿ, ಹೆಚ್ಚು ಬೀಳುವ ಹಣ ನಾನು ಕೊಡುತ್ತೇನೆ ಎಂದೆ. ಅವರು ಕೈಮುಗಿದರು. ನನ್ನನ್ನು ದೊಡ್ಡ ಮನಸ್ಸಿನವಳು ಎಂದುಕೊಂಡರು. ಆದರೆ ಆ ಹಣವನ್ನು ನಾನು ಕೊಟ್ಟದ್ದು ಕೀವಿಗೆ ಹೆದರಿಯಲ್ಲ, ಹರ್ನಿಯಾಕ್ಕೆ ಹೆದರಿಯೂ ಅಲ್ಲ. ಹಾಳೆ ಓದುವಾಗಲೇ ನನ್ನ ತಲೆಯಲ್ಲಿ ಇನ್ನೊಂದು ಹೋಲಿಕೆ ನಡೆದಿತ್ತು. ಉದ್ದದ ಗಾಯವಾದರೆ ಬಂದವರೆಲ್ಲ ಕೇಳುತ್ತಾರೆ. ಸಣ್ಣ ತೂತುಗಳಾದರೆ ಪಿತ್ತಕೋಶದ ಕಲ್ಲು ತೆಗೆಸಿದ್ದು ಎನ್ನಬಹುದು, ಅದಕ್ಕೂ ಇಂಥವೇ ತೂತು. ನಾನು ಕೊಟ್ಟದ್ದು ಸುಳ್ಳು ಹೇಳುವ ಅನುಕೂಲಕ್ಕೆ.

ಹಾಗೆಂದು ಅವರಿಗೂ ಹೇಳಿದೆ. ಯಾರಿಗೂ ತಿಳಿಸುವುದು ಬೇಡ, ಕಲ್ಲು ಎಂದರಾಯಿತು.

"ಯಾಕಕ್ಕ? ನಾನೇನು ಕದ್ದಿದೀನಾ?" ಅಂದಳು ತಂಗಿ.

"ತಿಂದು ತಿಂದು ಊದಿಕೊಂಡು, ಆಮೇಲೆ ದುಡ್ಡು ಕೊಟ್ಟು ಹೊಟ್ಟೆ ಕುಯ್ಯಿಸಿಕೊಂಡಳು ಅಂತಾರೆ. ಬೇಕಾ?"

ಆ ಮಾತು ಜನರದ್ದೆಂದು ಹೇಳಿದೆನೇ ಹೊರತು ಅದು ನನ್ನದೇ ಮಾತು. ಅವಳಿಗೂ ಅದು ತಿಳಿಯಿತೆಂದು ಕಾಣುತ್ತದೆ. ಕೈಯಲ್ಲಿದ್ದ ಅಳತೆ ಟೇಪನ್ನು ಸುತ್ತುತ್ತ, ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತ, ನೀನು ಹೇಳಿದ ಹಾಗೇ ಆಗಲಿ ಅಂದಳು.

ಹಾಳೆಯ ಕೊನೆಯಲ್ಲಿ ಒಂದು ಸಾಲಿತ್ತು, ದಪ್ಪಕ್ಷರದಲ್ಲಿ. ಮೊದಲ ವಾರಗಳಲ್ಲಿ ರೋಗಿಗೆ ನೀರಿನಂಥ ಆಹಾರ ಬಿಟ್ಟು ಬೇರೇನೂ ಕೊಡಬಾರದು, ಮನೆಯಲ್ಲಿ ಅಡುಗೆ ಮಾಡುವ ಮತ್ತು ರೋಗಿಯನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಇದು ಯಾವ ಆಪರೇಷನ್ ಎಂದು ತಿಳಿದಿರಬೇಕು ಎಂದು. ಮೊದಲರ್ಧವನ್ನು ಓದಿ ಹೇಳಿದೆ. ಉಳಿದರ್ಧದ ಮೇಲೆ ನನ್ನ ಬೆರಳು ಹಾದುಹೋಯಿತು, ಬಾಯಿ ಹೇಳಲಿಲ್ಲ. ನನಗೆ ಅರ್ಥವಾಗಲಿಲ್ಲವೆಂದು ಯಾರೂ ಅನ್ನಲಾರರು. ಇನ್ನೊಬ್ಬರಿಗೆ ಅರ್ಥ ಹೇಳುವುದೇ ನನ್ನ ಕೆಲಸವಾಗಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಆಸ್ಪತ್ರೆಯ ಕನ್ಸೆಂಟ್ ಫಾರಮ್ಮಿನಲ್ಲಿ ಬಿಟ್ಟರೆ ಮತ್ತೆಲ್ಲೂ ನಾವು ನಿಜ ಹೇಳಲಿಲ್ಲ. ಮೂರನೇ ದಿನ ಮನೆಗೆ ಬಂದಳು. ನಾನು ನೋಡಿಕೊಳ್ಳಲು ಗುಂಡ್ಲುಪೇಟೆಯಲ್ಲೇ ಉಳಿದೆ. ಗಂಟೆಗೆ ಇಷ್ಟು ಎಂದು ಚಿಕ್ಕ ಲೋಟದಲ್ಲಿ ಬೇಳೆಕಟ್ಟು, ನೀರುಮಜ್ಜಿಗೆ, ಎಳನೀರು. ನೋಡಲು ಬಂದವರು ತಂದ ಬ್ರೆಡ್ಡು, ಬಾಳೆಹಣ್ಣು, ಹಾರ್ಲಿಕ್ಸ್ ಬಾಟಲಿ ಮಷೀನಿನ ಮೇಲೆ ಸಾಲುಗಟ್ಟಿದವು. ತಂಗಿ ಸೆರಗು ಸರಿಸಿ ಪಟ್ಟಿ ತೋರಿಸಿದರೆ, ಇಷ್ಟೇನಾ ಗಾಯ ಎಂದು ಅವರೂ ಹಗುರಾಗಿ ಹೋಗುತ್ತಿದ್ದರು. ನನ್ನ ಉಪಾಯ ಫಲಿಸಿತೆಂದು ನಾನು ಒಳಗೊಳಗೇ ಹಿಗ್ಗಿದೆ.

ಒಂಬತ್ತನೇ ದಿನ ತಂಗಿಯ ನಾದಿನಿ ಬಂದಳು. ತಂಗಿಯ ಗಂಡನ ಒಬ್ಬಳೇ ತಂಗಿ, ಉಮ್ಮತ್ತೂರಿನಲ್ಲಿ ಕೂಲಿನಾಲಿ ಮಾಡಿಕೊಂಡು ಬದುಕುವವಳು. ಅವಳಿಗೂ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಗಿತ್ತು, ಅದನ್ನು ನಾನು ಮರೆತೇಬಿಟ್ಟಿದ್ದೆ. ಬೆಳಿಗ್ಗೆ ಮನೆಯ ಕೋಳಿ ಕುಯ್ದು, ಸಾರು ಮಾಡಿ, ಕ್ಯಾರಿಯರಿನಲ್ಲಿ ತುಂಬಿಕೊಂಡು ಎರಡು ಬಸ್ಸು ಹಿಡಿದು ಬಂದಿದ್ದಳು. ಮುದ್ದೆ ಮಾತ್ರ ಬಿಸಿಯಾಗಿ ಇಲ್ಲೇ ಮಾಡುತ್ತೇನೆಂದು ಒಲೆಯ ಮುಂದೆ ಹೋಗಿ ನಿಂತಳು. ಅವಳ ಅಣ್ಣ ಮೆಡಿಕಲ್ ಶಾಪಿಗೆ ಹೋಗಿದ್ದರು. ಪಕ್ಕದ ಮನೆಯಾಕೆಯೂ, ರವಿಕೆ ಕೇಳಲು ಬಂದ ಒಬ್ಬಳೂ ಬಾಗಿಲಲ್ಲಿ ಮಾತಾಡುತ್ತ ನಿಂತಿದ್ದರು.

ತಟ್ಟೆ ತಂದು ಮಂಚದ ಮೇಲಿಟ್ಟಳು. ತಂಗಿ ಬೇಡವೆಂದಳು. ಡಾಕ್ಟರು ಬರೀ ನೀರಿನಂಥದ್ದೇ ಕುಡಿಯಲು ಹೇಳಿದ್ದಾರೆ ಎಂದಳು.

"ಡಾಕ್ಟ್ರು ಅಂಗೇ ಏಳ್ತರೆ ಬುಡಿ ಅತ್ಗೆ. ನಂಗೂ ಇದೇ ಕಲ್ಲು, ಇದೇ ತೂತು. ನಾಕನೇ ದಿನುಕ್ಕೇ ಮುದ್ದೆ ಉಂಡೆ, ಏನಾಯ್ತು?" ತಂಗಿ ತಟ್ಟೆಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದಳು. ನಾದಿನಿಯ ಮುಖ ಸಣ್ಣಗಾಯಿತು. "ಒಂಬತ್ತು ದಿನ ಬರೀ ನೀರಾ? ಕಲ್ಲಲ್ದೆ ಬ್ಯಾರೆ ಏನಾರ ಆಗಿತ್ತಾ? ಗೆಡ್ಡೆಗಿಡ್ಡೆ? ನಂತಾವೂ ಮುಚ್ಚಿಡ್ತೀರಾ?"

ಬಾಗಿಲಲ್ಲಿದ್ದ ಇಬ್ಬರೂ ಮಾತು ನಿಲ್ಲಿಸಿ ಒಳಗೆ ನೋಡಿದರು. ತಂಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಹೇಳಿಬಿಡಲಾ ಎಂದು. ಅವಳು ನನ್ನ ಅಪ್ಪಣೆಗೆ ಕಾಯುತ್ತಿದ್ದಳು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು.

ನಾನು ಆಡಿದ ಮಾತು ಇದು: "ಎರಡು ತುತ್ತು ತಿನ್ನು. ಪಾಪ, ಅಷ್ಟು ದೂರದಿಂದ ತಂದಿದ್ದಾಳೆ."

ಮುದ್ದೆಯನ್ನು ನಮ್ಮ ಕಡೆ ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗುವುದು. ತಂಗಿ ಎರಡು ತುತ್ತು ಮುರಿದಳು, ಅದ್ದಿದಳು, ನುಂಗಿದಳು. ಚೆನ್ನಾಗಿದೆ ಅಂದಳು. ನಾದಿನಿ ಕಣ್ಣು ಒರೆಸಿಕೊಂಡು ನಕ್ಕಳು. ಮೂರನೆಯದಕ್ಕೆ ಮುದ್ದೆ ಮುರಿಯುವ ಮೊದಲೇ ತಂಗಿಯ ಕೈ ಎದೆಯ ಮೇಲೆ ಹೋಯಿತು, ಹಣೆಯಲ್ಲಿ ಬೆವರು ಒಡೆಯಿತು. ಆಮೇಲೆ ವಾಂತಿ, ನಿಲ್ಲದ ವಾಂತಿ. ಸಂಜೆಗೆ ಚಳಿಜ್ವರ. ಕಾರು ಮಾಡಿಕೊಂಡು ಮೈಸೂರಿಗೆ ಓಡಿದೆವು.

ಏನು ಕೊಟ್ಟಿರಿ ಎಂದು ಡಾಕ್ಟರು ಕೇಳಿದರು. ಸ್ವಲ್ಪ ಸೆಮಿ-ಸಾಲಿಡ್ ಎಂದೆ ನಾನು, ಇಂಗ್ಲಿಷಿನಲ್ಲಿ, ನನ್ನ ಅತ್ಯುತ್ತಮ ಉಚ್ಚಾರದಲ್ಲಿ. ಎಂಥ ಸೆಮಿ-ಸಾಲಿಡ್ ಎಂದರು ಅವರು. ಸ್ಟ್ರೆಚರಿನ ಮೇಲಿಂದ ತಂಗಿಯೇ ಹೇಳಿದಳು: "ಮುದ್ದೆ ಸಾರ್. ರಾಗಿಮುದ್ದೆ."

ಒಳಹೊಲಿಗೆ ಸೋರಿತ್ತು. ತಾನಾಗಿಯೇ ಸೋರುವುದೂ ಉಂಟು, ಇದರಿಂದಲೇ ಆಯಿತೆಂದು ಖಂಡಿತವಾಗಿ ಹೇಳಲಾರೆ, ಆದರೆ ಹಸಿ ಹೊಲಿಗೆಯ ಮೇಲೆ ಅಷ್ಟು ಒತ್ತಡ ಬೀಳಬಾರದಿತ್ತು ಎಂದರು ಡಾಕ್ಟರು. ಮತ್ತೆ ಥಿಯೇಟರಿಗೆ ಒಯ್ದರು. ಈ ಸಲ ಕ್ಯಾಮೆರಾದಿಂದ ಆಗಲಿಲ್ಲ, ಸೀಳಿದರು. ಹಾಳೆಯ ಇನ್ನೊಂದು ಪಕ್ಕದಲ್ಲಿ ನಾನು ಓದಿ ಹೇಳಿದ್ದೆಲ್ಲ ಒಂದೊಂದಾಗಿ ಬಂತು. ಉದ್ದದ ಗಾಯ, ಕೀವು, ದಿನಾ ಡ್ರೆಸ್ಸಿಂಗು, ವಾರಗಟ್ಟಲೆ ವಾರ್ಡು. ಎರಡೂ ಆಪರೇಷನ್ನಿನ ನೋವನ್ನು ತಂಗಿಯ ಮೈಯೇ ಹೊತ್ತಿತು. ಐಸಿಯುವಿನ ಗಾಜಿನಾಚೆ ಅವಳ ಮೂಗಿಗೆ, ಹೊಟ್ಟೆಗೆ ಕೊಳವೆ ಹಾಕಿದ್ದು ಕಾಣುತ್ತಿತ್ತು. ಬದುಕುತ್ತಾಳೋ ಇಲ್ಲವೋ ಎಂದು ನಾಲ್ಕು ದಿನ ಯಾರೂ ಹೇಳಲಿಲ್ಲ.

ಕಾರಿಡಾರಿನಲ್ಲಿ ತಂಗಿಯ ಗಂಡ ನನ್ನನ್ನು ಕೇಳಿದರು, ಮುದ್ದೆ ಕೊಟ್ಟದ್ದು ಯಾರು ಎಂದು. ನಿಮ್ಮ ತಂಗಿ ಎಂದೆ. ಅದು ಸುಳ್ಳಲ್ಲವಾದ್ದರಿಂದ ಹೇಳುವುದು ಸುಲಭವಾಯಿತು. ಅವರು ಕೆಳಗಿಳಿದು ಹೋಗಿ, ಮೆಟ್ಟಿಲ ಹತ್ತಿರ ಕೂತು ಅಳುತ್ತಿದ್ದ ನಾದಿನಿಗೆ ಇದ್ದ ಜನರೆಲ್ಲರ ಮುಂದೆ ಬೈದರು. ಇನ್ನು ಮೇಲೆ ನಮ್ಮ ಮನೆ ಹೊಸಿಲು ತುಳಿಯಬೇಡ ಎಂದರು. ಮೇಲಿನ ಕಿಟಕಿಯಲ್ಲಿ ನಿಂತು ನಾನು ಅದನ್ನು ಕೇಳಿಸಿಕೊಂಡೆ. ಅವಳು ಎದ್ದು, ಖಾಲಿ ಕ್ಯಾರಿಯರು ಕಂಕುಳಲ್ಲಿ ಇಟ್ಟುಕೊಂಡು ಗೇಟಿನ ಕಡೆ ನಡೆದಳು. ನಾನು ಕೆಳಗಿಳಿಯಲಿಲ್ಲ.

ತಂಗಿ ಬದುಕಿದಳು. ಎದ್ದು ಓಡಾಡಲು ತಿಂಗಳುಗಳೇ ಹಿಡಿದವು. ಈಗ ಮೈ ಇಳಿದಿದೆ, ಸಕ್ಕರೆಯ ಮಾತ್ರೆ ಕಡಿಮೆಯಾಗಿದೆ, ಪೆಡಲ್ ತುಳಿಯುತ್ತಾಳೆ. ಹೊಟ್ಟೆಯ ಮೇಲೆ ಗಾಯ ಉದ್ದಕ್ಕೆ ಉಬ್ಬಿಕೊಂಡಿದೆ. ರವಿಕೆ ಕೊಡಲು ಬಂದವರು ಏನು ಇಷ್ಟು ಸಣ್ಣಗಾಗಿದ್ದೀ ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ನಾನು ಅಲ್ಲಿದ್ದಾಗಲೇ ಇಬ್ಬರು ಹೆಂಗಸರು ಡಾಕ್ಟರ ವಿಳಾಸ ಕೇಳಿ ಬರೆದುಕೊಂಡರು. ಯಾರೂ ನಗಲಿಲ್ಲ. ತೂತಿನದ್ದಾ, ಸೀಳುವುದಾ ಎಂದು ಒಬ್ಬಳು ಕೇಳಿದ್ದಕ್ಕೆ, "ನಾನು ಎರಡೂ ನೋಡಿವ್ನಿ, ತೂತೇ ವಾಸಿ. ಆದ್ರೆ ಯಾವುದ್ ಮಾಡ್ಸಿದ್ರೂ ಮನೆಯೋರ್ಗೆಲ್ಲ ಏಳ್ಬುಟ್ಟು ಮಾಡ್ಸು" ಅಂದಳು. ನಾನು ಓದಿ ಹೇಳದ ಸಾಲನ್ನು ಅವಳು ಇಂಗ್ಲಿಷಿಲ್ಲದೆ ಹೇಳಿ ಮುಗಿಸಿದ್ದಳು. ನಾನು ಗುಂಡಿ ಆರಿಸುವ ಹಾಗೆ ನಟಿಸುತ್ತ ತಲೆ ತಗ್ಗಿಸಿ ಕೂತಿದ್ದೆ.

ಅವರು ಹೋದ ಮೇಲೆ ಅವಳು ಮಷೀನು ನಿಲ್ಲಿಸಿದಳು. "ಅಕ್ಕ, ನಾದಿನಿ ಬರೋದು ನಿಲ್ಸವಳೆ. ಅಣ್ಣ ತಂಗಿ ಮಾತಿಲ್ಲ. ಅವತ್ತು ತಿನ್ನು ಅಂದದ್ದು ನೀನು ಅಂತ ನಾನು ಇವರ್ಗೆ ಇನ್ನೂ ಏಳಿಲ್ಲ. ನೀನೇ ಉಮ್ಮತ್ತೂರ್ಗೆ ಓಗಿ ಏಳ್ಬುಟ್ಟು ಬಾ." ಅಷ್ಟು ಹೇಳಿ ಮತ್ತೆ ಪೆಡಲ್ ತುಳಿದಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಉಮ್ಮತ್ತೂರಿನ ಬಸ್ಸು ಹತ್ತಲು ನಾನು ಮತ್ತೂ ಎರಡು ವಾರ ತೆಗೆದುಕೊಂಡೆ. ನಾದಿನಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನನ್ನನ್ನು ಕಂಡು ಗಾಬರಿಯಿಂದ ಎದ್ದು, ಅತ್ತಿಗೆ ಹೇಗಿದ್ದಾರೆ ಎಂದು ಕೇಳಿದಳು. ಚೆನ್ನಾಗಿದ್ದಾಳೆ ಎಂದ ಮೇಲೆಯೇ ಚಾಪೆ ಹಾಕಿದ್ದು. ನಾನು ಎಲ್ಲ ಹೇಳಿದೆ. ಅದು ಕಲ್ಲಿನ ಆಪರೇಷನ್ ಅಲ್ಲವೆಂದು, ಹಾಗೆ ಹೇಳಿಸಿದವಳು ನಾನೆಂದು, ಮುದ್ದೆ ಕೊಡಬಾರದೆಂದು ನನಗೆ ಗೊತ್ತಿತ್ತೆಂದು, ಗೊತ್ತಿದ್ದೂ ತಿನ್ನು ಎಂದೆನೆಂದು.

ಅವಳು ಮೊರದಲ್ಲಿದ್ದ ಕಾಯಿಗಳ ಮೇಲೆ ಕೈಯಾಡಿಸಿದಳು.

"ನೀವು ತಿನ್ನು ಅಂದದ್ದು ನಂಗೂ ಗ್ಯಾನ ಅದೆ ಅಕ್ಕೋರೆ," ಅಂದಳು. "ಅಣ್ಣುಂಗೆ ಏಳ್ನಿಲ್ಲ. ನೀವು ಓದ್ದೋರು, ತಿಳ್ಕಂಡೇ ಏಳಿರ್ತೀರ ಅನ್ಕಂಡೆ. ಮುದ್ದೇಲಿ ಗಂಟು ಉಳ್ಕಂಡಿತ್ತೇನೋ, ನಾನು ಸರ್ಯಾಗಿ ತೊಳಸ್ನಿಲ್ವೇನೋ ಅಂತವ ಇಷ್ಟು ದಿನ ಅದ್ನೇ ನೆನೀತಿದ್ದೆ."

ನನ್ನ ಅಪರಾಧಕ್ಕೆ ಅವಳು ತನ್ನ ಕೈಯಲ್ಲಿ ತಪ್ಪು ಹುಡುಕುತ್ತ ಅಷ್ಟು ತಿಂಗಳು ಕಳೆದಿದ್ದಳು. ಗಂಟಿರಲಿಲ್ಲ, ಮುದ್ದೆ ಚೆನ್ನಾಗಿಯೇ ಇತ್ತು ಎಂದೆ. ಕಾನ್ವೆಂಟಿನಲ್ಲಿ ಅಪಾಲಜಿ ಹೇಳುವುದನ್ನೂ ನಮಗೆ ಕಲಿಸಿದ್ದರು, ಬೆನ್ನು ನೆಟ್ಟಗಿಟ್ಟು, ಎದುರಿನವರ ಕಣ್ಣು ನೋಡಿ. ನನ್ನಿಂದ ಎರಡೂ ಆಗಲಿಲ್ಲ. ಪರ್ಸಿನಿಂದ ಫೋನು ತೆಗೆದು, ಅವಳ ಮುಂದೆಯೇ ಅವಳ ಅಣ್ಣನಿಗೆ ಕರೆ ಮಾಡಿ, ಅದೇ ಮಾತುಗಳನ್ನು ಇನ್ನೊಂದು ಸಲ ಹೇಳಿದೆ. ಎರಡನೆಯ ಸಲ ಇನ್ನೂ ಕಷ್ಟವಾಯಿತು. ಎಲ್ಲ ಕೇಳಿಸಿಕೊಂಡು ಅವರು, "ಫೋನು ಅವಳ ಕೈಗೆ ಕೊಡಿ" ಅಂದರು.

ಅವಳು ಫೋನು ಹಿಡಿದು ಹಿತ್ತಲಿಗೆ ಹೋದಳು. ಏನು ಮಾತಾಡಿಕೊಂಡರೋ, ನನಗೆ ಕೇಳಿಸಲಿಲ್ಲ; ಕೇಳಿಸಿಕೊಳ್ಳುವ ಹಕ್ಕೂ ನನಗಿರಲಿಲ್ಲ. ಸುಮ್ಮನೆ ಕೂರಲಾರದೆ ಮೊರವನ್ನು ಹತ್ತಿರ ಎಳೆದುಕೊಂಡು ಅವರೆಕಾಯಿ ಬಿಡಿಸತೊಡಗಿದೆ. ಬೆರಳಿಗೆ ಸೊಗಡು ಅಂಟಿತು. ಕಾಳು ಒಂದು ಬೊಗಸೆಯಷ್ಟಾದಾಗ ಅವಳು ಬಂದಳು. ಕಣ್ಣು ಕೆಂಪಾಗಿತ್ತು. ಫೋನನ್ನು ಸೆರಗಿನಲ್ಲಿ ಒರೆಸಿ ನನ್ನ ಪಕ್ಕದಲ್ಲಿಟ್ಟು, ನಾನು ಬಿಡಿಸಿದ ರಾಶಿಯನ್ನು ಬಗ್ಗಿ ನೋಡಿದಳು.

"ಉಳ ಇರೋವ್ನೂ ಇದ್ರಲ್ಲೇ ಆಕಿದ್ದೀರಲ್ಲ ಅಕ್ಕೋರೆ. ಕನ್ನಡ್ಕ ಆಕ್ಕಳಿ" ಅಂದಳು.

ನಾನು ಕನ್ನಡಕ ಹಾಕಿಕೊಂಡೆ. ಅವಳು ಎದುರಿಗೆ ಕೂತು, ನಾನು ಕೆಡಿಸಿದ್ದ ರಾಶಿಯಿಂದ ಹುಳುಕು ಕಾಳುಗಳನ್ನು ಒಂದೊಂದಾಗಿ ಆರಿಸಿ ಅಂಗಳಕ್ಕೆ ಎಸೆಯತೊಡಗಿದಳು.